ಆ ಒಂದು ಸಾಲಿನ ಹತ್ತಿರ

ಅವ್ವನಿಗೆ ಕಣ್ಣಿನ ಪೊರೆಯ ಆಪರೇಷನ್ ಆಗಿ ಮೂರು ವರ್ಷ ಆಯ್ತು. ಆಗ ಅವಳು ಬೆಟಗೇರಿಯಿಂದ ಬಂದು ಎರಡು ತಿಂಗಳು ಹುಬ್ಬಳ್ಳಿಯ ನಮ್ಮ ಮನೆಯಲ್ಲಿ ಇದ್ದಳು. ಓದೋ ಹಾಗಿಲ್ಲ, ಬಗ್ಗೋ ಹಾಗಿಲ್ಲ, ಒಲೆ ಮುಂದೆ ನಿಲ್ಲೋ ಹಾಗಿಲ್ಲ. ಬೆಳಗ್ಗೆ ಎದ್ದ ಕೂಡಲೇ ಸತ್ಯವೇದ, ಅಂದರೆ ಬೈಬಲ್, ತೆರೆಯುವ ಹೆಂಗಸು ಕಪ್ಪು ಕನ್ನಡಕ ಹಾಕಿಕೊಂಡು ಇಡೀ ದಿನ ಕುರ್ಚಿಯಲ್ಲಿ ಕೂತಿರಬೇಕು. ಕಣ್ಣಿಗೆ ಕೆಲಸ ಇಲ್ಲದೆ ಅವಳ ಕಿವಿ ಚುರುಕಾಯ್ತು. ಕುಕ್ಕರ್ ಎಷ್ಟು ಸಲ ಕೂಗಿತು, ನನ್ನ ಮಗಳು ಪುಸ್ತಕ ಮುಚ್ಚಿಟ್ಟು ಮೊಬೈಲ್ ಹಿಡಿದದ್ದು ಯಾವಾಗ, ನಾನು ಯಾವ ಮಾತನ್ನು ಹಲ್ಲು ಕಚ್ಚಿ ಹೇಳಿದೆ, ಎಲ್ಲ ಅವಳಿಗೆ ಗೊತ್ತಾಗುತ್ತಿತ್ತು.

ಒಂದು ಭಾನುವಾರ ಆರಾಧನೆ ಮುಗಿಸಿ ಆಟೋದಲ್ಲಿ ಮನೆಗೆ ಬರುತ್ತಿದ್ದೆವು. ಅವ್ವ ಇದ್ದಕ್ಕಿದ್ದ ಹಾಗೆ ಹೇಳಿದಳು: "ನೀನೂ ಆ ಸಾಲಿಗೆ ಬಂದ ಕೂಡ್ಲೆ ಸುಮ್ನಾಗ್ತೀ ನೋಡು."

"ಯಾವ ಸಾಲು ಅವ್ವ?" ಅಂದೆ. ಯಾವ ಸಾಲು ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಅವ್ವ ಉತ್ತರ ಕೊಡಲಿಲ್ಲ. ಕನ್ನಡಕ ಸರಿ ಮಾಡಿಕೊಂಡು, "ಇಲ್ಲೇ ಎಡಕ್ಕ ಅಂತ ಹೇಳು ಅವರಿಗೆ" ಅಂದಳು. ಅಷ್ಟೇ. ಮತ್ತೆ ಆ ಮಾತು ಎತ್ತಲಿಲ್ಲ. ಆದರೆ ಆವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಐದು ವರ್ಷದಿಂದ ಯಾರಿಗೂ ತಿಳಿಯದ ಹಾಗೆ ಮುಚ್ಚಿಟ್ಟಿದ್ದನ್ನು ಕಣ್ಣು ಕಾಣದ ಅವ್ವ ಕಂಡುಬಿಟ್ಟಿದ್ದಳು.

ಯೇಸು ಕಲಿಸಿದ ಕರ್ತನ ಪ್ರಾರ್ಥನೆಯಲ್ಲಿ ಆ ಸಾಲು ಬರುತ್ತದೆ. ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದಂತೆ ನಮ್ಮ ತಪ್ಪುಗಳನ್ನು ಕ್ಷಮಿಸು. ನನ್ನ ಮಗಳು ಇದನ್ನು ಶಾಲೆಯಲ್ಲಿ ಇಂಗ್ಲಿಷಿನಲ್ಲಿ ಕಲಿತಿದ್ದಾಳೆ. ಅಲ್ಲಿ ಮೊದಲು ಬೇಡಿಕೆ ಬರುತ್ತದೆ, ಷರತ್ತು ಆಮೇಲೆ. ನಮ್ಮ ಕನ್ನಡದಲ್ಲಿ ಹಾಗಿಲ್ಲ. ಮೊದಲು ನಾನು ಕ್ಷಮಿಸಿದ್ದನ್ನು ದಾಟಬೇಕು, ಆಮೇಲೆ ನನಗೆ ಕ್ಷಮೆ ಬೇಡುವ ಮಾತು. ಅದೂ "ಕ್ಷಮಿಸುವಂತೆ" ಅಲ್ಲ, "ಕ್ಷಮಿಸಿದಂತೆ". ಆಗಿಹೋದ ಕೆಲಸದ ಮಾತು. ಆಗದ ಕೆಲಸವನ್ನು ಆಗಿದೆ ಅಂತ ದೇವರ ಮುಂದೆ ಹೇಗೆ ಹೇಳಲಿ? ಅದಕ್ಕೇ ಅಲ್ಲಿಗೆ ಬಂದಾಗ ನನ್ನ ಬಾಯಿ ಮುಚ್ಚುತ್ತಿತ್ತು. ಮುಂದಿನ ಸಾಲಿಗೆ ಮತ್ತೆ ಸೇರಿಕೊಳ್ಳುತ್ತಿದ್ದೆ.

ತಾರೀಕು ಗೊತ್ತಿರುವ ಹುಟ್ಟು

ನನ್ನ ಸತ್ಯವೇದದ ಮೊದಲ ಪುಟದಲ್ಲಿ ಒಂದು ತಾರೀಕು ಬರೆದಿದೆ. 1997ರ ಮೇ ತಿಂಗಳ ಒಂದು ಶುಕ್ರವಾರ. ನನಗಾಗ 19 ವರ್ಷ. ಶಾಲೆಯ ಮೈದಾನದಲ್ಲಿ ಶಾಮಿಯಾನ ಹಾಕಿ ಮೂರು ದಿನದ ಉಜ್ಜೀವನ ಕೂಟ ನಡೆದಿತ್ತು. ಮೂರನೆಯ ರಾತ್ರಿ ಪ್ರಸಂಗ ಮಾಡುವವರು "ಯಾರು ತಮ್ಮ ಜೀವನ ಕರ್ತನಿಗೆ ಕೊಡ್ತೀರಿ, ಮುಂದೆ ಬನ್ನಿ" ಅಂದಾಗ ನಾನು ಎದ್ದು ಹೋದೆ. ಯಾರೋ ತಳ್ಳಿದರು ಅಂತಲ್ಲ, ಗೆಳತಿಯರು ಹೋದರು ಅಂತಲೂ ಅಲ್ಲ. ಒಳಗೆ ಏನೋ ಒಡೆದುಹೋಯಿತು. ಮಂಡಿ ಊರಿದ ಕಡೆ ಕೆಂಪು ಮಣ್ಣು ಸೀರೆಗೆ ಅಂಟಿತ್ತು. ಅಷ್ಟು ಹಗುರಾದ ರಾತ್ರಿ ನನ್ನ ಜೀವನದಲ್ಲಿ ಇನ್ನೊಂದಿಲ್ಲ. ಹೊಸದಾಗಿ ಹುಟ್ಟುವುದು ಅಂತ ನಮ್ಮವರು ಕರೆಯುವುದು ಇದನ್ನೇ. ಆ ರಾತ್ರಿ ನಿಜ. ಇವತ್ತಿಗೂ ಅದರ ಮೇಲೆ ನನಗೆ ಸಂಶಯ ಇಲ್ಲ.

ಆಮೇಲೆ ಎಷ್ಟೋ ಕೂಟಗಳಲ್ಲಿ ಸಾಕ್ಷಿ ಹೇಳಿದ್ದೇನೆ. ಸಾಕ್ಷಿಗೆ ಒಂದು ಆಕಾರ ಇದೆ, ನಮ್ಮವರಿಗೆಲ್ಲ ಅದು ಬಾಯಿಪಾಠ. ಹೀಗಿದ್ದೆ, ಹೀಗಾಯ್ತು, ಈಗ ಹೀಗಿದ್ದೇನೆ. ಮೂರನೆಯ ಭಾಗ ಯಾವಾಗಲೂ ಚಿಕ್ಕದು. "ಈಗ ಕರ್ತನು ನನ್ನನ್ನು ನಡೆಸುತ್ತಿದ್ದಾನೆ, ಆತನಿಗೆ ಸ್ತೋತ್ರ" ಅಂದು ಮುಗಿಸಿ ಕೂರುತ್ತೇವೆ.

ಈ ಆಕಾರ ನಮಗೆ ಎಲ್ಲಿಂದ ಬಂತು ಅಂತ ಯೋಚಿಸಿದ್ದೇನೆ. ನಮ್ಮ ಸಭೆಗಳು ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಮಕ್ಕಳು. 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ ಬಂದ ಆ ಜರ್ಮನ್ ಬೋಧಕರಲ್ಲಿ ಬಹಳ ಮಂದಿ ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಪಯಟಿಸ್ಟ್ ಮನೆಗಳಿಂದ, ಅಂದರೆ ಮನಸ್ಸಿನ ಬದಲಾವಣೆ, ದಿನದಿನದ ಭಕ್ತಿಯೇ ಮುಖ್ಯ ಅನ್ನುವ ಮನೆಗಳಿಂದ ಬಂದವರು. ತನ್ನ ಮನಸ್ಸು ದೇವರ ಕಡೆ ಹೇಗೆ ತಿರುಗಿತು ಅನ್ನುವುದನ್ನು ಬರೆದು ಕೊಟ್ಟ ಮೇಲೇ ಬಾಸೆಲ್ಲಿನ ಶಾಲೆಗೆ ಸೇರಬೇಕಿತ್ತು. ಅವರ ಪಾಲಿಗೆ ಆ ತಿರುಗುವಿಕೆ ಬಾಗಿಲು ಮಾತ್ರ. ಬಾಗಿಲು ದಾಟಿದ ಮೇಲೆ ಪ್ರತಿದಿನ ತನ್ನನ್ನು ತಾನು ಪರೀಕ್ಷೆ ಮಾಡಿಕೊಳ್ಳುವುದು, ದಿನಚರಿ ಬರೆಯುವುದು, ಒಬ್ಬರನ್ನೊಬ್ಬರು ತಿದ್ದುವುದು ಇತ್ತು. ನಾವು ಬಾಗಿಲಿನ ಕಥೆ ಉಳಿಸಿಕೊಂಡೆವು. ಒಳಗಿನ ಮನೆಯ ಕಥೆ ಹೇಳುವುದು ಮರೆತೆವು ಅನ್ನಿಸುತ್ತದೆ.

ಆಟೋದಲ್ಲಿ ಅವ್ವ ಆ ಮಾತು ಹೇಳುವ ಹೊತ್ತಿಗೆ ನಾನು ಹೊಸದಾಗಿ ಹುಟ್ಟಿ ಇಪ್ಪತ್ತೈದು ವರ್ಷದ ಹತ್ತಿರ ಬಂದಿತ್ತು. ಅಷ್ಟು ವರ್ಷದ ಮಗು ಇನ್ನೂ ಒಂದು ಸಾಲು ಹೇಳಲಾರದು. ಇದನ್ನು ಯಾವ ಕೂಟದಲ್ಲಿ ಎದ್ದು ನಿಂತು ಹೇಳಲಿ?

ಹಕ್ಕು ಬಿಟ್ಟ ದಿನ

ಅಪ್ಪ ತೀರಿಹೋದ ಮರುವರ್ಷ ಅಣ್ಣ ಫೋನ್ ಮಾಡಿದ. ಬೆಟಗೇರಿಯ ಮನೆ ಅವನ ಹೆಸರಿಗೆ ಆಗಬೇಕು, ಸಾಲ ತೆಗೆದು ಮೇಲೆ ಕಟ್ಟಿಸಬೇಕು, ನೀನು ಮತ್ತು ಅವ್ವ ಬಂದು ಒಂದು ಸಹಿ ಮಾಡಿ ಹೋಗಿ ಅಂದ. "ಒಂದು ಸಹಿ" ಅಂದರೆ ಹಕ್ಕು ಬಿಡುಗಡೆ ಪತ್ರ. ನಮ್ಮ ಕಡೆ ಅಕ್ಕತಂಗಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಾನೂನು ನನಗೆ ಗೊತ್ತಿತ್ತು. ಕ್ರೈಸ್ತರಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಉಯಿಲು ಇಲ್ಲದೆ ಅಪ್ಪ ತೀರಿಕೊಂಡರೆ ಮೂರರಲ್ಲಿ ಒಂದು ಪಾಲು ಹೆಂಡತಿಗೆ. ಉಳಿದ ಎರಡು ಪಾಲು ಮಕ್ಕಳಿಗೆಲ್ಲ ಸಮ, ಗಂಡು ಹೆಣ್ಣು ಅನ್ನುವ ಭೇದ ಇಲ್ಲ. ಅಂದರೆ ಆ ಮನೆಯ ಮೂರು ಗೋಡೆಗಳಲ್ಲಿ ಒಂದು ನನ್ನದು. ಅದನ್ನು ಅಣ್ಣನಿಗೆ ಹೇಳಿದೆನಾ? ಇಲ್ಲ. ಸಭೆಯ ಹಿರಿಯರೊಬ್ಬರ ಹತ್ತಿರ ಮೆಲ್ಲಗೆ ಕೇಳಿದೆ. "ಲೋಕದವರ ಹಾಗೆ ಆಸ್ತಿಗೆ ಜಗಳ ಆಡಬಾರದಮ್ಮ, ನಿನ್ನ ಆಸ್ತಿ ಪರಲೋಕದಲ್ಲಿದೆ" ಅಂದರು. ಅವರು ಒಳ್ಳೆಯವರು. ಮನಸ್ಸಿನಿಂದಲೇ ಹೇಳಿದರು. ಆದರೆ ಅದೇ ಮಾತನ್ನು ಅವರು ಅಣ್ಣನಿಗೆ ಹೇಳಲಿಲ್ಲ.

ಪತ್ರ ನೋಂದಾಯಿಸಿದ ಆ ರಿಜಿಸ್ಟ್ರಾರ್ ಆಫೀಸಿನ ಮಧ್ಯಾಹ್ನ ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. ಸೆಕೆ. ಫ್ಯಾನು ತಿರುಗುತ್ತಿತ್ತು, ಗಾಳಿ ಬರುತ್ತಿರಲಿಲ್ಲ. ನಮ್ಮ ಹಾಗೆಯೇ ಇನ್ನೂ ಎರಡು ಮನೆಯವರು ಕಾಯುತ್ತಿದ್ದರು. ಅಲ್ಲೂ ಹಾಗೆಯೇ, ಗಂಡಸರು ಕಾಗದ ಹಿಡಿದು ಓಡಾಡುತ್ತಿದ್ದರು, ಹೆಂಗಸರು ಬೆಂಚಿನ ಮೇಲೆ ಸೆರಗು ಸುತ್ತಿಕೊಂಡು ಕೂತಿದ್ದರು. ಅವ್ವನ ಹೆಬ್ಬೆರಳು ಯಂತ್ರಕ್ಕೆ ಸಿಗಲಿಲ್ಲ. ವಯಸ್ಸಾದ ಬೆರಳು, ಗೆರೆ ಸವೆದುಹೋಗಿದೆ. ಒರೆಸಿ ಒರೆಸಿ ನಾಲ್ಕು ಸಲ ಒತ್ತಿಸಿದರು. ಅಣ್ಣ ಪಕ್ಕದಲ್ಲಿ ನಿಂತು ಅವ್ವನ ಕೈ ಹಿಡಿದಿದ್ದ. ನನ್ನ ಸರದಿ ಬಂದಾಗ ಆಫೀಸಿನವರು "ಇಷ್ಟಪಟ್ಟು ಬಿಡ್ತಾ ಇದ್ದೀರಲ್ವಾ ಅಮ್ಮ?" ಅಂತ ಕೇಳಿದರು. ಅದು ಅವರು ಎಲ್ಲರಿಗೂ ಕೇಳುವ ಪ್ರಶ್ನೆ. ನಾನು "ಹೌದು" ಅಂದೆ. ಕ್ಯಾಮೆರಾ ಕಡೆ ನೋಡಿ ಅಂದರು, ನೋಡಿದೆ. ಆ ಫೋಟೋ ಈಗಲೂ ಪತ್ರದ ಮೇಲಿದೆ. ನಗುತ್ತಿರುವ ಹಾಗೆ ಕಾಣುತ್ತೇನೆ.

ಆ "ಹೌದು" ಸುಳ್ಳು. ನನ್ನ ಕಷ್ಟ ಶುರುವಾಗಿದ್ದು ಅಲ್ಲಿಂದ. ಮನೆ ಹೋದದ್ದಕ್ಕಿಂತ ಆ ಸುಳ್ಳನ್ನು ನಾನು ಭಕ್ತಿ ಅಂತ ಕರೆದದ್ದು ನನ್ನನ್ನು ಕೆಡಿಸಿತು. ಹೊರಗೆ ತ್ಯಾಗ ಮಾಡಿದ ತಂಗಿ. ಒಳಗೆ, ಚಪಾತಿ ಲಟ್ಟಿಸುವಾಗ ದಿನಾ ಅಣ್ಣನ ಜೊತೆ ವಾದ. ಅವನು ಏನನ್ನಬಹುದು, ಅದಕ್ಕೆ ನಾನು ಏನನ್ನಬೇಕು, ಎಲ್ಲ ಸಿದ್ಧ. ಐದು ವರ್ಷ ಹಾಗೆ ಲಟ್ಟಿಸಿದ್ದೇನೆ. ಅವನ ಮಗಳ ಮದುವೆಗೆ ಜ್ವರ ಅಂತ ಹೇಳಿ ಹೋಗಲಿಲ್ಲ.

ದೀರ್ಘಶಾಂತಿ

ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಆತ್ಮನ ಫಲ ಅಂತ ಒಂಬತ್ತು ಹೆಸರು ಬರುತ್ತವೆ. ಭಾನುವಾರದ ಶಾಲೆಯಲ್ಲಿ ರಾಗವಾಗಿ ಕಲಿತದ್ದು: ಪ್ರೀತಿ, ಸಂತೋಷ, ಸಮಾಧಾನ, ದೀರ್ಘಶಾಂತಿ, ದಯೆ, ಉಪಕಾರ, ನಂಬಿಕೆ, ಸಾಧುತ್ವ, ಶಮೆದಮೆ. ಮಕ್ಕಳಿದ್ದಾಗ ನಾಲ್ಕನೆಯದರ ಅರ್ಥ ಗೊತ್ತಿರಲಿಲ್ಲ. ನಮ್ಮ ಸತ್ಯವೇದದ ಹೊರಗೆ ಆ ಮಾತನ್ನು ಯಾರ ಬಾಯಲ್ಲೂ ಕೇಳಿಲ್ಲ. ತಾಳ್ಮೆ ಅನ್ನಬಹುದಿತ್ತು, ಸಹನೆ ಅನ್ನಬಹುದಿತ್ತು. ಹಳೆಯ ಅನುವಾದ ಮಾಡಿದವರು ಯಾಕೋ ದೀರ್ಘಶಾಂತಿ ಅಂದರು.

ಈ ಮಾತನ್ನು ನಾನು ಬಹಳ ವರ್ಷ ತಪ್ಪಾಗಿ ಹಿಡಿದಿದ್ದೆ. ಬಾಯಿ ಮುಚ್ಚಿಕೊಂಡಿರುವುದೇ ದೀರ್ಘಶಾಂತಿ ಅಂದುಕೊಂಡಿದ್ದೆ. ನಮ್ಮ ಸಭೆಗಳಲ್ಲಿ ಹೆಣ್ಣುಮಕ್ಕಳಿಗೆ ಈ ಫಲವನ್ನು ಜಾಸ್ತಿ ಬಡಿಸುತ್ತಾರೆ, ಅದನ್ನು ಹೇಳಲೇಬೇಕು. ಗಂಡ ಕುಡಿದು ಬಂದರೆ ದೀರ್ಘಶಾಂತಿ, ಅತ್ತೆ ಅಂದರೆ ದೀರ್ಘಶಾಂತಿ, ಪಾಲು ಕೊಡದಿದ್ದರೆ ದೀರ್ಘಶಾಂತಿ. ಆದರೆ ಪೇತ್ರನ ಎರಡನೆಯ ಪತ್ರದಲ್ಲಿ ಇದೇ ಮಾತು ದೇವರ ಬಗ್ಗೆ ಬರುತ್ತದೆ. ಯಾರೂ ನಾಶವಾಗಬಾರದು, ಎಲ್ಲರೂ ತನ್ನ ಕಡೆ ತಿರುಗಿಕೊಳ್ಳಲಿ ಅಂತ ಆತನು ದೀರ್ಘಶಾಂತಿಯಿಂದ ಇದ್ದಾನೆ. ಅದನ್ನು ಓದಿದಾಗ ನಿಂತುಬಿಟ್ಟೆ. ದೇವರೇನು ಬಾಯಿ ಮುಚ್ಚಿಕೊಂಡಿದ್ದಾನಾ? ಮೊದಲ ಪುಟದಿಂದ ಕೊನೆಯ ಪುಟದವರೆಗೆ ಮಾತಾಡುತ್ತಲೇ ಇದ್ದಾನೆ. ತಪ್ಪನ್ನು ತಪ್ಪು ಅಂತಾನೆ, ಕರೆಯುತ್ತಾನೆ, ಬೈಯುತ್ತಾನೆ, ಅಳುತ್ತಾನೆ. ಕೈ ಮಾತ್ರ ಬಿಡುವುದಿಲ್ಲ.

ಆವತ್ತು ಆಫೀಸಿನಲ್ಲಿ ನಾನು ಮಾಡಿದ್ದು ಅದರ ಉಲ್ಟಾ. ಬಾಯಿ ಮುಚ್ಚಿದೆ, ಕೈ ಬಿಟ್ಟೆ.

ನಲವತ್ತು ವರ್ಷ ತಡ

ನಮ್ಮ ಸಭೆಯಲ್ಲಿ ಯಾರನ್ನೇ ಮಣ್ಣಿಗೆ ಕೊಡುವಾಗಲೂ ಯಾರಾದರೂ ಒಬ್ಬರು ಅಮೇಜಿಂಗ್ ಗ್ರೇಸ್ ಎತ್ತಿಕೊಳ್ಳುತ್ತಾರೆ. ಅದನ್ನು ಬರೆದ ಜಾನ್ ನ್ಯೂಟನ್ನನ ಕಥೆ ಪ್ರಸಂಗಗಳಲ್ಲಿ ಎಷ್ಟು ಸಲ ಕೇಳಿದ್ದೇನೋ. ಗುಲಾಮರನ್ನು ಸಾಗಿಸುತ್ತಿದ್ದ ಹಡಗಿನವ, ಸಮುದ್ರದಲ್ಲಿ ಬಿರುಗಾಳಿ, ದೇವರಿಗೆ ಕೂಗಿದ, ಬದಲಾದ, ಹಾಡು ಬರೆದ. ನಮ್ಮ ಸಾಕ್ಷಿಯ ಆಕಾರವೇ. ತಾರೀಕುಗಳನ್ನು ನೋಡಿದ ಮೇಲೆ ಆ ಕಥೆಯನ್ನು ಹಾಗೆ ಹೇಳಲು ನನಗೆ ಆಗಿಲ್ಲ.

ಬಿರುಗಾಳಿ 1748ರ ಮಾರ್ಚ್‌ನಲ್ಲಿ. ಆ ದಿನವನ್ನು ಅವನು ಜೀವನಪೂರ್ತಿ ನೆನೆದ. ಆದರೆ ಗುಲಾಮರ ವ್ಯಾಪಾರ ಬಿಡಲಿಲ್ಲ. ಅದಾದ ಮೇಲೇ ಗುಲಾಮರ ಹಡಗಿಗೆ ಕ್ಯಾಪ್ಟನ್ ಆದ. ಹಾಗೆ ಮೂರು ಸಲ ಪ್ರಯಾಣ ಮಾಡಿದ. ಭಾನುವಾರ ಮೇಲಿನ ಅಟ್ಟದಲ್ಲಿ ತನ್ನ ನಾವಿಕರಿಗೆ ಪ್ರಾರ್ಥನೆ ನಡೆಸುತ್ತಿದ್ದ. ಕೆಳಗೆ ಜನ ಸರಪಳಿಯಲ್ಲಿ ಇದ್ದರು. 1754ರಲ್ಲಿ ಸಮುದ್ರ ಬಿಟ್ಟದ್ದೂ ಕಾಯಿಲೆಯಿಂದ, ಪಶ್ಚಾತ್ತಾಪದಿಂದ ಅಲ್ಲ. 1764ರಲ್ಲಿ ಪಾದ್ರಿಯಾದ. ಆ ಹಾಡು 1773ರ ಹೊಸ ವರ್ಷದ ಆರಾಧನೆಗೆ ಬರೆದದ್ದು. ಆಗಲೂ ಆ ವ್ಯಾಪಾರದ ವಿರುದ್ಧ ಅವನು ಬಹಿರಂಗವಾಗಿ ಒಂದು ಮಾತು ಆಡಿರಲಿಲ್ಲ. ಕೊನೆಗೆ 1788ರಲ್ಲಿ ಒಂದು ಕಿರುಪುಸ್ತಕ ಬರೆದು, ನಾನು ಈ ಕೆಲಸದಲ್ಲಿ ಇದ್ದವನು, ಈಗ ನೆನೆದರೆ ಎದೆ ನಡುಗುತ್ತದೆ ಅಂತ ಒಪ್ಪಿಕೊಂಡ. ಬಿರುಗಾಳಿಯಾಗಿ ಸರಿಯಾಗಿ 40 ವರ್ಷ. ಬ್ರಿಟನ್ ಆ ವ್ಯಾಪಾರ ನಿಲ್ಲಿಸಿದ್ದು 1807ರಲ್ಲಿ. ಅದೇ ವರ್ಷದ ಕೊನೆಗೆ ಅವನು ತೀರಿಕೊಂಡ.

ಇದನ್ನು ಮೊದಲು ಓದಿದಾಗ ನನಗೆ ನೆಮ್ಮದಿ ಆಯಿತು. ನೋಡು, ಅವನಿಗೇ 40 ವರ್ಷ ಬೇಕಾಯ್ತು, ನನ್ನದು ಬರೀ ಐದು. ದೇವರು ನಿಧಾನವಾಗಿ ಕೆಲಸ ಮಾಡುತ್ತಾನೆ. ಒಂದು ವಾರ ಆ ನೆಮ್ಮದಿಯಲ್ಲಿ ಇದ್ದೆ. ಆಮೇಲೆ ಕೆಳಗಿನ ಅಟ್ಟದವರ ನೆನಪು ಬಂತು. ಅವನು ನಿಧಾನವಾಗಿ ಬೆಳೆಯುತ್ತಿದ್ದಾಗ ಅವರು ಸರಪಳಿಯಲ್ಲಿ ಸಾಯುತ್ತಿದ್ದರು. ಅವನ ನಿಧಾನಕ್ಕೆ ಬೆಲೆ ಕೊಟ್ಟವರು ಅವರು. ದೇವರ ದೀರ್ಘಶಾಂತಿ ಅವನ ಪಾಲಿಗೆ ಕೃಪೆ, ನಿಜ. ಆದರೆ ಆ ಕೃಪೆಯಲ್ಲಿ ಸುಮ್ನೆ ಕಾಲ ಕಳೆಯುವ ಹಕ್ಕು ಅವನಿಗೆ ಇರಲಿಲ್ಲ.

ನನ್ನ ನಿಧಾನಕ್ಕೆ ಯಾರು ಬೆಲೆ ಕೊಡುತ್ತಿದ್ದಾರೆ ಅಂತ ನೋಡಿದೆ. ಅವ್ವ. ಮಗನ ಮನೆಯಲ್ಲಿದ್ದಾಗ ಮಗಳ ಹೆಸರು ಎತ್ತುವ ಹಾಗಿಲ್ಲ, ಮಗಳ ಮನೆಯಲ್ಲಿದ್ದಾಗ ಮಗನ ಹೆಸರು ಎತ್ತುವ ಹಾಗಿಲ್ಲ. ಹಬ್ಬಕ್ಕೆ ಎಲ್ಲಿರಬೇಕು ಅಂತ ಪ್ರತಿವರ್ಷ ಲೆಕ್ಕ ಹಾಕಬೇಕು. ನನ್ನ ಮಗಳಿಗೆ ತನ್ನ ಸೋದರಮಾವನ ಮುಖ ಸರಿಯಾಗಿ ನೆನಪಿಲ್ಲ.

ಅಚ್ಚು ಕೆಚ್ಚೋದು

ಬೆಟಗೇರಿ ನೇಕಾರರ ಊರು ಅಂತ ಎಲ್ಲರಿಗೂ ಗೊತ್ತು. ಅವ್ವನ ತವರುಮನೆಯಲ್ಲಿ ಕುಣಿ ಮಗ್ಗ ಇತ್ತು. ನಾನು ಏಳೆಂಟು ವರ್ಷದವಳಿದ್ದಾಗ ರಜೆಗೆ ಅಲ್ಲಿ ಹೋದರೆ ಅಜ್ಜಿಯ ಪಕ್ಕ ಕೂತು ಅಚ್ಚು ಕೆಚ್ಚೋದನ್ನು ನೋಡುತ್ತಿದ್ದೆ. ನೋಡದವರಿಗೆ ಸ್ವಲ್ಪ ಹೇಳುತ್ತೇನೆ. ಮಗ್ಗದ ಮೇಲಿನ ಹಾಸು, ಅಂದರೆ ಉದ್ದಕ್ಕೆ ಕಟ್ಟಿದ ಎಳೆಗಳು, ಮುಗಿದು ಸೀರೆ ಕತ್ತರಿಸಿದಾಗ ಹಳೆಯ ಎಳೆಗಳನ್ನು ಪೂರ್ತಿ ಎಳೆದು ತೆಗೆಯುವುದಿಲ್ಲ. ಎಳೆಗಳನ್ನು ಬಿಡಿಬಿಡಿಯಾಗಿ ಹಿಡಿಯುವ ಬಾಚಣಿಗೆಯಂಥ ಹಣಿಗೆಯಲ್ಲಿ ಪೋಣಿಸಿದ ಹಾಗೆಯೇ ಗೇಣುದ್ದ ತುದಿ ಬಿಡುತ್ತಾರೆ. ಹೊಸ ಹಾಸು ಬಂದಾಗ ಅದರ ಒಂದೊಂದು ಎಳೆಯನ್ನೂ ಹಳೆಯದರ ಒಂದೊಂದು ತುದಿಗೆ ಹೊಸೆದು ಸೇರಿಸಬೇಕು. ಒಂದು ಸೀರೆಯ ಅಗಲಕ್ಕೆ ಎರಡು ಮೂರು ಸಾವಿರ ಎಳೆ. ಅಜ್ಜಿ ಬೂದಿಯಲ್ಲಿ ಬೆರಳು ಅದ್ದಿಕೊಳ್ಳುತ್ತಿದ್ದಳು. ಹಳೆಯ ತುದಿ, ಹೊಸ ತುದಿ, ಹೆಬ್ಬೆರಳು ತೋರುಬೆರಳಿನ ಮಧ್ಯೆ ಒಂದು ಹೊರಳು. ಮುಗೀತು. ಮತ್ತೆ ಮುಂದಿನದು. ಮಾತಾಡುತ್ತಲೇ ಹೊಸೆಯುತ್ತಿದ್ದಳು, ಹಾಡುತ್ತಲೇ ಹೊಸೆಯುತ್ತಿದ್ದಳು. ಸಂಜೆ ಬೆಳಕು ಹೋಗುವವರೆಗೂ ಅದೇ ಕೆಲಸ. ದೂರದಿಂದ ನೋಡಿದವರಿಗೆ ಹೆಂಗಸು ಸುಮ್ಮನೆ ಕೂತಿದ್ದಾಳೆ ಅನ್ನಿಸಬೇಕು.

ನನಗೆ ಬೇಜಾರಾಗಿ ಒಂದು ದಿನ ಕೇಳಿದೆ. "ಇದನ್ನ ಕಿತ್ತು ಒಗದು ಹೊಸಾದು ಹಾಕಬಾರದೇನು ಅಜ್ಜಿ?"

"ಹಳೇದನ್ನ ಕಿತ್ತು ಒಗದ್ರ ಹೊಸಾದು ಹಣಿಗ್ಯಾಗ ಹೆಂಗ ಬರತೈತಿ? ದಾರಿ ಗೊತ್ತಿರೋದು ಅದಕ್ಕ" ಅಂದಳು.

ಎಲ್ಲ ಸೇರಿಸಿ ಆದ ಮೇಲೆ ಹಳೆಯ ತುದಿಗಳನ್ನು ಮೆಲ್ಲಗೆ ಮುಂದಕ್ಕೆ ಎಳೆಯಬೇಕು. ಆಗ ಆ ಸಾವಿರಾರು ಗಂಟುಗಳು ಹಣಿಗೆ ದಾಟಿ ಬರುತ್ತವೆ. ಅವಸರ ಮಾಡಿದರೆ ಹರಿಯುತ್ತವೆ. ಹರಿದದ್ದನ್ನು ಹುಡುಕಿ ಮತ್ತೆ ಹೊಸೆಯಬೇಕು. ಎಲ್ಲ ದಾಟಿದ ಮೇಲೆಯೇ ಹಳೆಯ ತುಂಡಿಗೆ ಕತ್ತರಿ.

ಪೂರ್ವಸ್ವಭಾವವನ್ನು ತೆಗೆದುಹಾಕಿ ನೂತನ ಸ್ವಭಾವವನ್ನು ಧರಿಸಿಕೊಳ್ಳಿರಿ ಅಂತ ಪೌಲನು ಎಫೆಸದವರಿಗೆ ಬರೆದದ್ದನ್ನು ಓದುವಾಗ ನನಗೆ ಯಾವಾಗಲೂ ಬಟ್ಟೆ ಬದಲಿಸುವ ಚಿತ್ರ ಬರುತ್ತಿತ್ತು. ಒಂದು ಕಳಚು, ಒಂದು ಹಾಕು. 1997ರ ಆ ರಾತ್ರಿ ಹಾಗೇ ಆಯಿತು ಅಂದುಕೊಂಡಿದ್ದೆ. ಈಗ ಅದನ್ನು ಓದುವಾಗ ಅಜ್ಜಿಯ ಬೂದಿ ಹತ್ತಿದ ಬೆರಳು ಕಾಣುತ್ತದೆ. ಆ ರಾತ್ರಿ ಹೊಸ ಹಾಸು ಮನೆಗೆ ಬಂತು. ಅದು ನನ್ನದಲ್ಲ, ನಾನು ನೂತದ್ದಲ್ಲ, ಕೊಟ್ಟದ್ದು. ಆದರೆ ಒಂದೊಂದು ಎಳೆಯನ್ನೂ ನನ್ನ ಹಳೆಯ ತುದಿಗಳಿಗೆ ಹೊಸೆಯಬೇಕಿತ್ತು. ನನ್ನ ಸಿಟ್ಟಿಗೆ ಒಂದು, ನನ್ನ ಸುಳ್ಳು "ಹೌದು"ಗೆ ಒಂದು, ಹೇಳದೆ ನುಂಗಿದ ಮಾತಿಗೆ ಒಂದು. ಅಣ್ಣನಿಗೆ ಕಟ್ಟಿದ ಎಳೆಯನ್ನು ನಾನು ಮುಟ್ಟಿಯೇ ಇರಲಿಲ್ಲ.

ಪಡಸಾಲೆಯಲ್ಲಿ

ಮತ್ತಾಯನ 18ನೇ ಅಧ್ಯಾಯದಲ್ಲಿ ಎಪ್ಪತ್ತೇಳು ಸಾರಿ ಕ್ಷಮಿಸುವ ಮಾತು ಎಲ್ಲರಿಗೂ ಗೊತ್ತು. ಅದಕ್ಕಿಂತ ಸ್ವಲ್ಪ ಮೇಲೆ ಇನ್ನೊಂದು ಮಾತಿದೆ. ಅದರ ಮೇಲೆ ಪ್ರಸಂಗ ಕೇಳಿದ್ದು ಕಡಿಮೆ. ನಿನ್ನ ಸಹೋದರನು ತಪ್ಪು ಮಾಡಿದರೆ ನೀನು ಹೋಗಿ, ನೀವಿಬ್ಬರೇ ಇರುವಾಗ, ಅವನ ತಪ್ಪನ್ನು ಅವನಿಗೆ ತಿಳಿಸು. ಹಿರಿಯರಿಗಲ್ಲ, ಗಂಡನಿಗಲ್ಲ, ಚಪಾತಿಗಲ್ಲ. ಅವನಿಗೆ.

ಅವ್ವನನ್ನು ಬೆಟಗೇರಿಗೆ ಬಿಡಲು ಹೋದ ದಿನ ಅದನ್ನು ಮಾಡಿದೆ. ಅತ್ತಿಗೆ ಅವ್ವನನ್ನು ಒಳಗೆ ಮಲಗಿಸಲು ಹೋದಳು. ಪಡಸಾಲೆಯಲ್ಲಿ ನಾನು, ಅಣ್ಣ, ಎರಡು ಚಹಾ. "ಅಣ್ಣಾ, ಆವತ್ತು ನಾ ಸಹಿ ಮಾಡಿದ್ದು ಮನಸ್ಸಿನಿಂದ ಅಲ್ಲ. ನೀ ಕೇಳಿದ ರೀತಿ ತಪ್ಪು. ನನಗ ಕೇಳಲೇ ಇಲ್ಲ ನೀ, ಬಾ ಅಂದಿ ಅಷ್ಟ." ನನ್ನ ದನಿ ನಡುಗುತ್ತಿತ್ತು. ಚಪಾತಿಯ ಮುಂದೆ ಸಿದ್ಧ ಮಾಡಿಟ್ಟಿದ್ದ ಒಂದು ಮಾತೂ ಬರಲಿಲ್ಲ. ಮನೆ ವಾಪಸ್ ಕೊಡು ಅಂತ ಕೇಳಲಿಲ್ಲ. ಆಗ ನನಗೆ ಬೇಕಾಗಿದ್ದದ್ದು ಅದಲ್ಲ.

ಅಣ್ಣ ಬಹಳ ಹೊತ್ತು ಮಾತಾಡಲಿಲ್ಲ. ಚಹಾದ ಮೇಲೆ ಕೆನೆ ಕಟ್ಟಿತು. ಆಮೇಲೆ ಅಂದ. "ಅಪ್ಪನ್ನ ಎರಡು ವರ್ಷ ಎತ್ತಿ ಇಳಿಸಿದವರು ಯಾರು? ನೀ ಭಾನುವಾರ ಬಂದು ಹಣ್ಣು ಕೊಟ್ಟು ಹೋಗ್ತಿದ್ದಿ. ಮಣ್ಣಿನ ದಿನ ಎಲ್ಲಾರ ಮುಂದ ನನಗ ಏನಂದಿ, ನೆನಪೈತೇನು?"

ನೆನಪಿರಲಿಲ್ಲ. ಅವನು ಹೇಳಿದ. ಸರಿಯಾಗಿ ನೋಡಿಕೊಂಡಿದ್ದರೆ ಅಪ್ಪ ಇನ್ನೂ ಇರುತ್ತಿದ್ದ ಅಂತ ನಾನು ಅಂದಿದ್ದೆನಂತೆ. ಅವನು ಹೇಳುತ್ತಿದ್ದ ಹಾಗೆ ನೆನಪಾಯಿತು. ಅಂದಿದ್ದೆ. ಪೆಟ್ಟಿಗೆಯ ಪಕ್ಕ ನಿಂತು ಅಂದಿದ್ದೆ. ಆರು ವರ್ಷಗಳಲ್ಲಿ ಒಂದು ಸಲವೂ ಅದು ನನ್ನ ನೆನಪಿಗೆ ಬಂದಿರಲಿಲ್ಲ. ಅವನ ತಪ್ಪಿನ ಲೆಕ್ಕ ಇಟ್ಟ ಪುಸ್ತಕದಲ್ಲಿ ನನ್ನ ಪುಟವೇ ಇರಲಿಲ್ಲ.

ಆವತ್ತು ನಾವು ಅಪ್ಪಿಕೊಂಡು ಅಳಲಿಲ್ಲ. ಅವನು ತಪ್ಪಾಯ್ತು ಅನ್ನಲಿಲ್ಲ. ನಾನು ಅಂದೆ, ಬಹಳ ಸಣ್ಣ ದನಿಯಲ್ಲಿ. ಅವನಿಗೆ ಕೇಳಿಸಿತೋ ಇಲ್ಲವೋ. ಎದ್ದು ಹೊರಗೆ ಹೋದ.

ಅದಾದ ಮೇಲೆ ಪ್ರತಿ ಭಾನುವಾರ ಸಂಜೆ ಅವನಿಗೆ ಫೋನ್ ಮಾಡುತ್ತಿದ್ದೇನೆ. ಅವ್ವನ ಮಾತ್ರೆ, ಅವ್ವನ ಬಿಪಿ, ಅವ್ವ ಊಟ ಮಾಡಿದಳಾ. ಎರಡು ನಿಮಿಷ, ಒಮ್ಮೊಮ್ಮೆ ಮೂರು. ಒಂದು ಎಳೆ. ಹರಿದದ್ದೂ ಇದೆ. ಅವನು ಮನೆಯ ಮೇಲೆ ಇನ್ನೊಂದು ಕೋಣೆ ಕಟ್ಟಿಸಿ ಬಣ್ಣ ಹಚ್ಚಿಸಿದ ಫೋಟೋ ನೋಡಿದ ರಾತ್ರಿ ಹಳೆಯದೆಲ್ಲ ಉಕ್ಕಿ ಬಂತು. ಮೂರು ವಾರ ಫೋನ್ ಮಾಡಲಿಲ್ಲ. ನಾಲ್ಕನೆಯ ವಾರ ಅವನೇ ಮಾಡಿದ. "ಅವ್ವಗ ಹಲ್ಲು ನೋಯಾಕತ್ತೈತಿ" ಅಂದ. ಅದನ್ನು ಹೇಳಲಿಕ್ಕೇ ಫೋನ್ ಮಾಡಿದ್ದಾ, ನನಗೆ ಗೊತ್ತಿಲ್ಲ.

ಹೋದ ಮಳೆಗಾಲದ ಒಂದು ಸಂಜೆ ಚಪಾತಿ ಲಟ್ಟಿಸುತ್ತಿದ್ದೆ. ಹನ್ನೆರಡನೆಯದೋ ಹದಿಮೂರನೆಯದೋ. ಕೈ ನಿಂತಿತು. ಅಣ್ಣನ ಜೊತೆ ವಾದ ಮಾಡುತ್ತಿಲ್ಲ ನಾನು. ಅಡುಗೆಮನೆ ನಿಶ್ಶಬ್ದ. ಯಾವಾಗಿಂದ ಹೀಗೆ ಅಂತ ಯೋಚಿಸಿದೆ, ತಿಳಿಯಲಿಲ್ಲ. ಒಂದು ವಾರದಿಂದಲೋ, ಆರು ತಿಂಗಳಿಂದಲೋ. ಮಾರ್ಕನ 4ನೇ ಅಧ್ಯಾಯದ ರೈತ ಬೀಜ ಬಿತ್ತಿ ಮಲಗುತ್ತಾನೆ, ಏಳುತ್ತಾನೆ, ಬೀಜ ಮೊಳೆತು ಬೆಳೆಯುತ್ತದೆ, ಹೇಗೆ ಅಂತ ಅವನಿಗೇ ತಿಳಿಯದು. ಈ ಬೆಳವಣಿಗೆಗೆ ಸತ್ಯವೇದದ ಮೊದಲ ಪುಟದಲ್ಲಿ ಬರೆಯಲು ತಾರೀಕು ಇಲ್ಲ. ಸೆರಗಿನಿಂದ ಕಣ್ಣು ಒರೆಸಿಕೊಂಡು ಉಳಿದ ಚಪಾತಿ ಲಟ್ಟಿಸಿದೆ.

ಸುಗ್ಗಿ ಹಬ್ಬ

ಕಳೆದ ಸುಗ್ಗಿ ಹಬ್ಬಕ್ಕೆ ಎಷ್ಟೋ ವರ್ಷದ ಮೇಲೆ ಬೆಟಗೇರಿಯ ಆರಾಧನೆಗೆ ಹೋದೆ. ವೇದಿಕೆಯ ಮುಂದೆ ಜೋಳದ ತೆನೆ, ಕುಂಬಳಕಾಯಿ, ಬಾಳೆಗೊನೆ, ಬುಟ್ಟಿಯಲ್ಲಿ ಕಾಲು ಕಟ್ಟಿದ ಎರಡು ಕೋಳಿ. ಆರಾಧನೆ ಮುಗಿದ ಮೇಲೆ ಎಲ್ಲ ಲಿಲಾವು ಆಗುತ್ತದೆ. ಅಲ್ಲಿ ಈಗಲೂ ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ. ನಾನು ಅವ್ವನ ಪಕ್ಕ ಕೂತೆ. ಅಣ್ಣ ಆ ಕಡೆ ಮೂರನೆಯ ಬೆಂಚಿನಲ್ಲಿದ್ದ.

ಅಣ್ಣನದು ಅಪ್ಪನ ದನಿ. ದಪ್ಪ, ತಳದಿಂದ ಬರುವ ದನಿ. ಎಷ್ಟು ಜನ ಹಾಡಿದರೂ ಬೇರೆಯಾಗಿ ಕೇಳುತ್ತದೆ. ಕರ್ತನ ಪ್ರಾರ್ಥನೆ ಶುರುವಾಯಿತು. ಪರಲೋಕದಲ್ಲಿರುವ ನಮ್ಮ ತಂದೆಯೇ. ಕಣ್ಣು ಮುಚ್ಚಿದ್ದೆ, ಅವನ ದನಿ ಎಲ್ಲರ ದನಿಯ ಕೆಳಗೆ ನೆಲದ ಹಾಗೆ ಹರಡಿತ್ತು. ಅನುದಿನದ ಆಹಾರ ದಾಟಿತು. ನಾನು ಉಸಿರು ತೆಗೆದುಕೊಂಡೆ. ಇವತ್ತು ಹೇಳುತ್ತೇನೆ ಅಂದುಕೊಂಡೇ ಬಂದಿದ್ದೆ.

ಆ ಸಾಲು ಬಂತು. ಅಣ್ಣನ ದನಿ ನಿಂತಿತು.

ಸಭೆ ಹೇಳುತ್ತಲೇ ಇತ್ತು, ನೂರೈವತ್ತು ಜನ. ಆದರೆ ಕೆಳಗಿನ ನೆಲ ಇರಲಿಲ್ಲ. ಮೂರು ವರ್ಷದ ಹಿಂದೆ ಆಟೋದಲ್ಲಿ ಅವ್ವ ಹೇಳಿದ ಮಾತು ಆಗ ನನಗೆ ಪೂರ್ತಿ ಕೇಳಿಸಿತು. ನೀನೂ, ಅಂದಿದ್ದಳು ಅವ್ವ. ನೀನು ಅಂದಿರಲಿಲ್ಲ.

ನನ್ನ ಬಾಯಿಂದಲೂ ದನಿ ಹೊರಡಲಿಲ್ಲ. ಪಕ್ಕದಲ್ಲಿ ಅವ್ವ ನನ್ನ ಮುಂಗೈ ಮೇಲೆ ತನ್ನ ಕೈ ಇಟ್ಟಳು. ಗೆರೆ ಸವೆದ ಬೆರಳು. ಆ ಸಾಲನ್ನು ಅವಳು ಹೇಳಿದಳು, ಮೊದಲಿನಿಂದ ಕೊನೆಯವರೆಗೆ, ಸ್ವಲ್ಪ ಗಟ್ಟಿಯಾಗಿ, ಅವಸರ ಇಲ್ಲದೆ. ಎಲ್ಲರಿಗಿಂತ ಹಿಂದೆ ಬಿದ್ದರೂ ಪೂರ್ತಿ ಹೇಳಿದಳು. ಆಮೇಲೆ ನಮ್ಮನ್ನು ಶೋಧನೆಯೊಳಗೆ ಸೇರಿಸದೆ ಅನ್ನುವಲ್ಲಿ ಆ ಕಡೆಯಿಂದ ಅಣ್ಣನ ದನಿ ಮತ್ತೆ ಎದ್ದಿತು. ಈ ಕಡೆಯಿಂದ ನಾನೂ ಸೇರಿಕೊಂಡೆ.